ಎಂಜಿನ್ ಒಂದೇ, ಹೆಸರು ಮೂರು

(ಪುಣೆಯ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಸುಮಾರು ಜನ ಹಿಂಜವಡಿಯ ಐಟಿಯವರು. ಉಳಿದವರಲ್ಲಿ ಪಿಂಪ್ರಿ, ಭೋಸರಿ, ಚಾಕಣ್ ಕಡೆ ಶಾಪ್ ಫ್ಲೋರಿನಲ್ಲಿ ಸವೆದವರೇ ಜಾಸ್ತಿ. ಅಂದರೆ ಕಾರು ಕೊಳ್ಳುವವರು ಒಂದು ಸಾಲು, ಕಾರು ಮಾಡುವವರು ಇನ್ನೊಂದು ಸಾಲು. ಆದರೆ ಮದುವೆ ಮನೆಯಲ್ಲಿ ಸಿಕ್ಕಾಗ ಇಬ್ಬರ ಮಾತೂ ಒಂದೇ. "ಆ ಕಂಪನಿ ಗಾಡಿ ಬೇಡ ಮಾರಾಯ್ರೇ, ಬರೀ ಗ್ಯಾರೇಜಲ್ಲೇ ಇರುತ್ತೆ. ಈ ಕಂಪನಿದು ಕಣ್ಣು ಮುಚ್ಚಿ ತಗೊಳ್ಳಿ." ಹೀಗೆ ಹೇಳುವವರನ್ನು ಒಂದು ನಿಮಿಷ ನಿಲ್ಲಿಸಿ, ನಿಮ್ಮ ಗಾಡಿ ಯಾವ ವರ್ಷದ್ದು ಅಂತ ಕೇಳಿ ನೋಡಿ. ಬಹಳ ಸಲ ಅದು ಹತ್ತು ಹನ್ನೆರಡು ವರ್ಷ ಹಿಂದಿನದು. ಕೆಲವು ಸಲ ಗಾಡಿ ಅವರದ್ದೂ ಅಲ್ಲ, ಭಾವನದ್ದು!

ಯಾವ ಕಾರು ತಗೋಬೇಕು ಅಂತ ಇವತ್ತು ನಾನು ಹೇಳುವುದಿಲ್ಲ. ಒಂದು ಕಂಪನಿಗೆ ಒಳ್ಳೆಯ ಹೆಸರು ಹೇಗೆ ಬರುತ್ತದೆ, ಬಂದ ಹೆಸರು ಯಾಕೆ ಅಷ್ಟು ನಿಧಾನವಾಗಿ ಹೋಗುತ್ತದೆ ಅನ್ನುವುದಷ್ಟೇ ನನ್ನ ವಿಷಯ.

ಇಲ್ಲಿಂದ ನಗರ ರಸ್ತೆ ಹಿಡಿದು ಹೋದರೆ ರಾಂಜಣಗಾಂವ್ ಸಿಗುತ್ತದೆ. ನಿಮ್ಮಲ್ಲಿ ಹೆಚ್ಚಿನವರು ಅಲ್ಲಿನ ಮಹಾಗಣಪತಿಗೆ ಕೈ ಮುಗಿದು ಬಂದವರೇ. ಅದೇ ಊರಿನ ಎಂಐಡಿಸಿಯಲ್ಲಿ, ಅಂದರೆ ಸರ್ಕಾರದ ಕೈಗಾರಿಕಾ ಪ್ರದೇಶದಲ್ಲಿ, ಟಾಟಾ ಮತ್ತು ಫಿಯೆಟ್ ಜೊತೆಯಾಗಿ ನಡೆಸಿದ ಕಾರ್ಖಾನೆ ಇದೆ. ಅಲ್ಲಿ 1.3 ಲೀಟರಿನ ಡೀಸೆಲ್ ಎಂಜಿನ್ ತಯಾರಾಗುತ್ತಿತ್ತು. ಲೆಕ್ಕ ಹಿಡಿದು ಹೇಳಿದರೆ 1248 ಸಿಸಿ. ಫಿಯೆಟ್ ಪುಂಟೊ, ಲಿನಿಯಾ ಕಾರುಗಳಲ್ಲಿ ಅದಕ್ಕೆ ಮಲ್ಟಿಜೆಟ್ ಅಂತ ಹೆಸರು. ಟಾಟಾ ಇಂಡಿಕಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್. ಮಾರುತಿ ಸ್ವಿಫ್ಟ್, ಡಿಸೈರ್‌ನಲ್ಲಿ ಡಿಡಿಐಎಸ್. ಮಾರುತಿಯ ಬಳಗ ಫಿಯೆಟ್‌ನಿಂದ ಲೈಸೆನ್ಸ್ ಪಡೆದು ಮಾನೇಸರದಲ್ಲಿ ಇದನ್ನು ಮಾಡಿಕೊಳ್ಳುತ್ತಿತ್ತು. ಆದರೆ 2012ರ ಹೊತ್ತಿಗೆ ಡೀಸೆಲ್ ಕಾರಿಗೆ ಬಂದ ಬೇಡಿಕೆಗೆ ಅದು ಸಾಲಲಿಲ್ಲ. ವರ್ಷಕ್ಕೆ 1 ಲಕ್ಷದವರೆಗೆ ಎಂಜಿನ್ ಬೇಕು ಅಂತ ಮಾರುತಿಯವರು ಫಿಯೆಟ್ ಜೊತೆ ಒಪ್ಪಂದ ಮಾಡಿಕೊಂಡರು. ಅಂದರೆ ರಾಂಜಣಗಾಂವ್‌ನ ಎಂಜಿನ್ ಸ್ವಿಫ್ಟ್‌ಗೂ ಹೋಯಿತು.

ಟರ್ಬೊ, ಟ್ಯೂನಿಂಗ್ ಅಂತ ಸಣ್ಣಪುಟ್ಟ ವ್ಯತ್ಯಾಸ ಇತ್ತು, ಇಲ್ಲ ಅನ್ನುವುದಿಲ್ಲ. ಮೂಲ ಎಂಜಿನ್ ಮಾತ್ರ ಒಂದೇ. ಈಗ ನಮ್ಮ ಜನ ಏನಂದರು ನೋಡಿ. ಸ್ವಿಫ್ಟ್ ಡೀಸೆಲ್‌ಗೆ "ಎಂಜಿನ್ ಅಂದರೆ ಇದಪ್ಪಾ". ವಿಸ್ಟಾಗೆ "ಟ್ಯಾಕ್ಸಿ ಗಾಡಿ". ಪುಂಟೊಗೆ "ಓಡಿಸೋಕೆ ಚೆಂದ, ಆದರೆ ನಂಬೋಕಾಗಲ್ಲ". ಹಳೇ ಗಾಡಿ ಮಾರುವಾಗ ಸ್ವಿಫ್ಟ್‌ನವನು ನಗುತ್ತಾ ಹಣ ಎಣಿಸಿಕೊಂಡ. ಪುಂಟೊದವನು ಸಿಕ್ಕಿದ್ದೇ ಸಾಕು ಅಂತ ಕೊಟ್ಟ.

ಹಾಗಾದರೆ ಜನ ಸುಳ್ಳು ಹೇಳಿದರಾ? ಇಲ್ಲ. ಅವರು ಹೇಳಿದ್ದು ನಿಜವೇ, ಆದರೆ ಅದು ಎಂಜಿನ್ನಿನ ಮಾತಾಗಿರಲಿಲ್ಲ. ನಾನಾ ಪೇಠೆಯ ಸ್ಪೇರ್ ಅಂಗಡಿಗಳ ಸಾಲಿಗೆ ಹೋಗಿ ಸ್ವಿಫ್ಟಿನ ಕ್ಲಚ್ ಪ್ಲೇಟ್ ಕೇಳಿದರೆ ಅಂಗಡಿಯವನು ತಿರುಗಿಯೂ ನೋಡದೆ ಕೈ ಚಾಚಿ ತೆಗೆದುಕೊಡುತ್ತಿದ್ದ. ಕಂಪನಿದು ಬೇಕಾ, ಲೋಕಲ್ ಸಾಕಾ ಅಂತ ಅವನೇ ಕೇಳುತ್ತಿದ್ದ. ಪುಂಟೊದ ಪಾರ್ಟು ಕೇಳಿದರೆ ಫೋನ್ ಎತ್ತುತ್ತಿದ್ದ. "ಆರ್ಡರ್ ಹಾಕ್ಬೇಕು, ಅಡ್ವಾನ್ಸ್ ಕೊಡಿ." ಗಾಡಿ ಕೆಟ್ಟಿದ್ದು ಒಂದು ಸಲ, ನಿಂತಿದ್ದು ಎರಡು ವಾರ. ಮಾಲೀಕನ ನೆನಪಲ್ಲಿ ಉಳಿಯುವುದು ಆ ಎರಡು ವಾರ.

ನಮ್ಮಂಥವರಿಗೆ ಇದು ಇನ್ನೂ ಜಾಸ್ತಿ ತಾಗುತ್ತದೆ. ಪುಣೆಯ ಕನ್ನಡಿಗ ಕಾರು ತಗೊಳ್ಳುವುದು ಆಫೀಸಿಗೆ ಅಂತ ಹೇಳುತ್ತಾನೆ. ಮನಸ್ಸಿನಲ್ಲಿ ಇರುವುದು ಮೇ ತಿಂಗಳ ಊರ ದಾರಿ. ಖಂಬಾಟ್ಕಿ ಘಾಟ್, ಕರಾಡ, ಕೊಲ್ಹಾಪುರ, ಆಮೇಲೆ ನಿಪ್ಪಾಣಿ. ಡಿಕ್ಕಿ ತುಂಬ ಲಗೇಜು, ಹಿಂದಿನ ಸೀಟಿನಲ್ಲಿ ಅತ್ತೆ ಮಾವ. ರಾತ್ರಿ ಹತ್ತು ಗಂಟೆಗೆ ಸಂಕೇಶ್ವರದ ಹತ್ತಿರ ಗಾಡಿ ಕೈ ಕೊಟ್ಟರೆ ಬಾನೆಟ್ ಎತ್ತುವವನು ಯಾರು? ಆ ಮೇಸ್ತ್ರಿಗೆ ಗೊತ್ತಿರುವ ಗಾಡಿಯೇ ನಮ್ಮ ಪಾಲಿಗೆ ನಂಬಿಕೆಯ ಗಾಡಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು "ಆ ಕಂಪನಿಯ ಎಂಜಿನ್ ಗಟ್ಟಿ" ಅಂತ ಹೇಳಬಾರದು, ಅಷ್ಟೇ.

ಮುಂಬೈಯ ಫಿಯೆಟ್ ನೋಡಿ. ಅಮೆರಿಕದಲ್ಲಿ ಫಿಯೆಟ್ ಅಂದರೆ ತುಕ್ಕು, ರಿಪೇರಿ ಅಂತ ಜನ ಜೋಕು ಮಾಡುತ್ತಿದ್ದರು. 1980ರ ದಶಕದ ಆರಂಭದಲ್ಲಿ ಕಂಪನಿ ಅಲ್ಲಿಂದ ಗಂಟುಮೂಟೆ ಕಟ್ಟಿತು. ಅದೇ ಕಾಲದಲ್ಲಿ ಮುಂಬೈಯಲ್ಲಿ, ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಬಂದ ಅದೇ ಫಿಯೆಟ್ ವಂಶದ ಪದ್ಮಿನಿ ಊರನ್ನೇ ಹೊತ್ತು ತಿರುಗುತ್ತಿತ್ತು. ಕಾಳಿ ಪೀಲಿ ಟ್ಯಾಕ್ಸಿ ಅಂದರೆ ಅದೇ. ಉಡುಪಿ ಹೋಟೆಲಿನ ಎಷ್ಟೋ ಧಣಿಗಳ ಮೊದಲ ಕಾರೂ ಅದೇ. ಪದ್ಮಿನಿ ಕೆಡುತ್ತಿರಲಿಲ್ಲವಾ? ದಿನಾ ಕೆಡುತ್ತಿತ್ತು! ಬೇಸಿಗೆಯಲ್ಲಿ ಬಿಸಿಯಾಗಿ ನಿಲ್ಲುತ್ತಿತ್ತು, ಸ್ಟೇರಿಂಗ್ ಮೇಲಿನ ಗೇರ್ ರಾಡು ಸಿಕ್ಕಿಹಾಕಿಕೊಳ್ಳುತ್ತಿತ್ತು. ಆದರೆ ಡ್ರೈವರನೇ ಅರ್ಧ ಮೆಕ್ಯಾನಿಕ್. ಮಿಕ್ಕ ಅರ್ಧ ಫುಟ್‌ಪಾತ್ ಮೇಲೆ ಪಾನಾ ಹಿಡಿದು ಕೂತಿರುತ್ತಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರಲ್ಲಿ ರಿಜಿಸ್ಟರ್ ಆಗಿದ್ದು, 20 ವರ್ಷದ ನಿಯಮದ ಪ್ರಕಾರ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಅದನ್ನು ರಸ್ತೆಯಿಂದ ಇಳಿಸಿದ್ದು ಕಾನೂನು, ರಿಪೇರಿಯ ಖರ್ಚಲ್ಲ.

ಇದಕ್ಕೆ ತದ್ವಿರುದ್ಧ ಹುಂಡೈ ಕಥೆ. 1986ರಲ್ಲಿ ಎಕ್ಸೆಲ್ ಅನ್ನುವ ಕಾರನ್ನು ಅಮೆರಿಕದಲ್ಲಿ 4,995 ಡಾಲರಿಗೆ ಮಾರಾಟಕ್ಕಿಟ್ಟರು. ಮೊದಲ ವರ್ಷವೇ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಕಾರು ಹೋಯಿತು. ಆಮೇಲೆ ಒಂದೊಂದಾಗಿ ಕಳಚಿಕೊಳ್ಳಲು ಶುರುವಾಯಿತು. ಹುಂಡೈ ಅಂದರೆ ಟಿವಿಯಲ್ಲಿ ನಗೆಚಾಟಿಕೆಯ ವಿಷಯ ಆಗಿಹೋಯಿತು. 1998ರಲ್ಲಿ ಕಂಪನಿ ಒಂದು ಜೂಜಾಡಿತು. ಎಂಜಿನ್, ಗೇರ್‌ಬಾಕ್ಸಿಗೆ 10 ವರ್ಷ ಅಥವಾ 1 ಲಕ್ಷ ಮೈಲಿ ವಾರಂಟಿ ಕೊಟ್ಟಿತು. ಕಾರು ಸರಿ ಇಲ್ಲದಿದ್ದರೆ ಕಂಪನಿ ಮುಳುಗುವ ಮಾತು. ಹಾಗಾಗಿ ಕಾರ್ಖಾನೆಯೊಳಗೆ ಕೆಲಸ ಸರಿಮಾಡಲೇಬೇಕಾಯಿತು. ಆರು ವರ್ಷ ಕಳೆದ ಮೇಲೆ, 2004ರಲ್ಲಿ, ಜೆ.ಡಿ. ಪವರ್ ಸಂಸ್ಥೆಯ ಹೊಸ ಕಾರುಗಳ ಗುಣಮಟ್ಟದ ಸಮೀಕ್ಷೆಯಲ್ಲಿ ಹುಂಡೈ ಹೋಂಡಾ ಪಕ್ಕಕ್ಕೆ ಬಂದು ನಿಂತಿತು.

ತಮಾಷೆ ಏನು ಗೊತ್ತಾ? ಅದೇ 1998ರಲ್ಲಿ ಶ್ರೀಪೆರಂಬುದೂರಿನಿಂದ ಸ್ಯಾಂಟ್ರೊ ಬಂತು. ನಮಗೆ ಎಕ್ಸೆಲ್ ಗೊತ್ತಿರಲಿಲ್ಲ. ಶಾರುಖ್ ಖಾನ್ ಗೊತ್ತಿದ್ದ. ಅಮೆರಿಕದಲ್ಲಿ ಹತ್ತು ವರ್ಷದಿಂದ ಹೊತ್ತ ಕೆಟ್ಟ ಹೆಸರು ಇಲ್ಲಿ ಬಂದರು ದಾಟಲೇ ಇಲ್ಲ. ಇಲ್ಲಿ ಹುಂಡೈ ಮೊದಲ ದಿನದಿಂದಲೂ ಮರ್ಯಾದಸ್ಥ ಕಂಪನಿ.

ಈಗ ಸ್ವಲ್ಪ ನನ್ನ ಕಸುಬಿನ ಮಾತು. ನಾನು ಭೋಸರಿಯಲ್ಲಿ ಎಂಜಿನ್ ಪಾರ್ಟುಗಳ ಇನ್‌ಸ್ಪೆಕ್ಷನ್‌ನಲ್ಲಿ ಕೆಲಸ ಮಾಡಿದವನು. ಕ್ರ್ಯಾಂಕ್‌ಶಾಫ್ಟ್ ನೋಡಿದ್ದೀರಲ್ಲ, ಪಿಸ್ಟನ್ನು ಮೇಲೆ ಕೆಳಗೆ ಆಡುವುದನ್ನು ತಿರುಗಾಟವಾಗಿ ಮಾಡುವ ಡೊಂಕು ಶಾಫ್ಟು. ಅದರೊಳಗೆ ಆಯಿಲ್ ಹರಿಯಲು ಓರೆಯಾಗಿ ರಂಧ್ರ ಕೊರೆಯುತ್ತಾರೆ. ಡ್ರಿಲ್ಲು ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆ ಹೊರಬರುವಾಗ ಅಂಚಿನಲ್ಲಿ ಚೂಪಾದ ಕಬ್ಬಿಣದ ಎಸಳು ಉಳಿಯುತ್ತದೆ. ನಾವು ಅದಕ್ಕೆ ಬರ್ ಅನ್ನುತ್ತೇವೆ. ಎರಡು ರಂಧ್ರ ಒಳಗೇ ಸೇರುವ ಜಾಗದಲ್ಲಿ ಆದರೆ ಕಣ್ಣಿಗೂ ಕಾಣುವುದಿಲ್ಲ. ಅದನ್ನು ತೆಗೆಯಬೇಕು, ಆಮೇಲೆ ಜೋರಾಗಿ ನೀರು ಹೊಡೆದು ತೊಳೆಯಬೇಕು, ಗಾಳಿ ಹೊಡೆಯಬೇಕು. ತೊಳೆಯುವ ಟ್ಯಾಂಕಿನ ಫಿಲ್ಟರನ್ನೇ ಯಾರೂ ಬದಲಿಸದಿದ್ದರೆ ಹಿಂದಿನ ಪಾರ್ಟಿನ ಚೂರು ಮುಂದಿನ ಪಾರ್ಟಿಗೆ ಹತ್ತುತ್ತದೆ. ಉಗುರಿನ ತುದಿಗಿಂತ ಚಿಕ್ಕ ಚೂರು. ಎಂಜಿನ್ ಶುರುವಾದ ಮೇಲೆ ಆಯಿಲ್ ಜೊತೆ ಹೋಗಿ ಬೇರಿಂಗಿನಲ್ಲಿ ಕೂತರೆ ಮುಗಿಯಿತು. ಮೊದಲು ಸಣ್ಣಗೆ ಟಕ ಟಕ ಸದ್ದು. ಆಮೇಲೆ ಒಂದು ದಿನ ಹೈವೇಯಲ್ಲಿ ಎಂಜಿನ್ ಜಾಮ್.

ಇದು ಸುಮ್ನೆ ಹೆದರಿಸಲು ಹೇಳಿದ್ದಲ್ಲ. 2015ರಲ್ಲಿ ಹುಂಡೈ ಅಮೆರಿಕದಲ್ಲಿ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ಸರಿಪಡಿಸಲು ವಾಪಸ್ ಕರೆಯಿತು, ಇದಕ್ಕೇ ರೀಕಾಲ್ ಅನ್ನುತ್ತಾರೆ. ಕಾರಣ, ಕ್ರ್ಯಾಂಕ್‌ಶಾಫ್ಟಿನ ಆಯಿಲ್ ದಾರಿಯಲ್ಲಿ ಉಳಿದ ಲೋಹದ ಚೂರು. ಹಳೇ ಹುಂಡೈ ಬುದ್ಧಿ ಅಂತ ಜನ ಆಡಿಕೊಂಡರು. 2024ರಲ್ಲಿ ಟೊಯೊಟಾ ಸುಮಾರು 1 ಲಕ್ಷ ಗಾಡಿಗಳನ್ನು ವಾಪಸ್ ಕರೆಯಿತು. ಹೆಚ್ಚಿನವು ಟಂಡ್ರಾ ಅನ್ನುವ ದೊಡ್ಡ ಪಿಕಪ್ಪು. ಕಾರಣ? ಮಶಿನಿಂಗ್ ಆದ ಮೇಲೆ ಎಂಜಿನ್ನಿನೊಳಗೆ ಉಳಿದ ಲೋಹದ ಚೂರು. ಕಬ್ಬಿಣಕ್ಕೆ ಬ್ಯಾಡ್ಜು ಓದಲು ಬರುವುದಿಲ್ಲ.

ನಮ್ಮ ಶೆಡ್ಡಿನಿಂದ ಎರಡು ಕಾರು ಕಂಪನಿಗಳಿಗೆ ಮಾಲು ಹೋಗುತ್ತಿತ್ತು. ಹೆಸರು ಬೇಡ. ಮಶಿನ್ನು ಅದೇ, ಹುಡುಗರೂ ಅದೇ. ಒಂದು ಕಂಪನಿಯಿಂದ ಒಬ್ಬ ವಯಸ್ಸಾದ ಇಂಜಿನಿಯರ್ ಬರುತ್ತಿದ್ದರು. ಮೀಟಿಂಗ್ ರೂಮಿನ ಚಹಾ ಬಿಟ್ಟು ಸೀದಾ ತೊಳೆಯುವ ಟ್ಯಾಂಕಿನ ಹತ್ತಿರ ಹೋಗಿ, ಈ ಫಿಲ್ಟರ್ ಕೊನೆಯ ಸಲ ಬದಲಿಸಿದ್ದು ಯಾರು, ಅವನನ್ನು ಕರೀರಿ ಅನ್ನುತ್ತಿದ್ದರು. ಇನ್ನೊಂದು ಕಂಪನಿಯಿಂದ ಬರುತ್ತಿದ್ದದ್ದು ರೇಟು ಇಳಿಸಿ ಅನ್ನುವ ಮೇಲ್ ಮಾತ್ರ. ಆ ಎರಡನೇ ಕಂಪನಿಗೆ ಆಗ ಬಜಾರಿನಲ್ಲಿ ಒಳ್ಳೆಯ ಹೆಸರಿತ್ತು, ಅದು ನೆನಪಿರಲಿ.

ಹೆಸರು ಯಾಕೆ ತಡವಾಗಿ ಬದಲಾಗುತ್ತದೆ ಅನ್ನುವುದಕ್ಕೆ ನಮಗೆಲ್ಲ ಗೊತ್ತಿರುವ ಉಡುಪಿ ಹೋಟೆಲಿನ ಉದಾಹರಣೆ ಕೊಡುತ್ತೇನೆ. ಅಡುಗೆ ಭಟ್ಟರು ಬಿಟ್ಟು ಹೋದರೂ ಬೋರ್ಡು ಹಾಗೇ ಇರುತ್ತದೆ. ಗಿರಾಕಿಗಳು ಬರುತ್ತಲೇ ಇರುತ್ತಾರೆ. ಸಾಂಬಾರು ಇವತ್ತು ಯಾಕೋ ಸರಿ ಇಲ್ಲ ಅಂತ ಒಂದು ವರ್ಷ ಕಳೆಯುತ್ತಾರೆ. ಕಾರಿನಲ್ಲಿ ಆ "ಒಂದು ವರ್ಷ" ಹತ್ತು ವರ್ಷವಾಗುತ್ತದೆ. ಯಾಕಂದರೆ ನಾವು ಕಾರು ತಗೊಳ್ಳುವುದೇ ಏಳೆಂಟು ವರ್ಷಕ್ಕೊಮ್ಮೆ.

ಪುಣೆಯದ್ದೇ ಇಂಡಿಕಾ ತಗೊಳ್ಳಿ. ಆಸ್ಟ್ರೇಲಿಯಾದಲ್ಲಿ ನಿಸಾನ್ ಮುಚ್ಚಿದ ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿ ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿ ಮಾಡಿದ ಕಾರು. 1998ರ ಕೊನೆಯಲ್ಲಿ ಬಂತು, ಬುಕಿಂಗ್ ಲಕ್ಷ ದಾಟಿತು. ಮೊದಲ ಗಾಡಿಗಳಲ್ಲಿ ತಕರಾರು ಒಂದೆರಡಲ್ಲ. ಟಾಟಾದವರು ಸರಿಪಡಿಸಿ 2001ರಲ್ಲಿ ವಿ2 ತಂದರು. ಅದು ನಿಜವಾಗಲೂ ಬೇರೆಯೇ ಗಾಡಿ. ಟ್ಯಾಕ್ಸಿಯವರು ಅದನ್ನು ಮೊದಲು ಗುರುತಿಸಿದರು, ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸಿದರು. ಅದನ್ನೇ ಮನೆಯವರು ದೂರು ಮಾಡಿದರು, ಟ್ಯಾಕ್ಸಿ ಗಾಡಿ ನಮಗೆ ಬೇಡ ಅಂತ! ದಿನಾ ಮುನ್ನೂರು ಕಿಲೋಮೀಟರ್ ಓಡಿಸಿ ಹೊಟ್ಟೆ ಹೊರೆಯುವವನು ಆರಿಸಿದ ಗಾಡಿಗಿಂತ ದೊಡ್ಡ ಸರ್ಟಿಫಿಕೇಟ್ ಇನ್ನೇನು ಬೇಕು? ಮೊದಲ ಇಂಡಿಕಾದ ಕಲೆ ತೊಳೆಯಲು ಟಾಟಾಗೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿಡಿಯಿತು. 2018ರಲ್ಲಿ ಟಾಟಾದ ನೆಕ್ಸಾನ್‌ಗೆ, ಕಾರು ಗುದ್ದಿಸಿ ಪರೀಕ್ಷೆ ಮಾಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಐದು ಸ್ಟಾರ್ ಬಂತು. 2024ರಲ್ಲಿ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಟಾಟಾ ಪಂಚ್.

ಇಲ್ಲಿ ಒಂದು ಎಚ್ಚರಿಕೆ. ಐದು ಸ್ಟಾರ್ ಅಂದರೆ ಗುದ್ದಿದಾಗ ಒಳಗಿನವರಿಗೆ ಎಷ್ಟು ಪೆಟ್ಟಾಗುತ್ತದೆ ಅನ್ನುವ ಲೆಕ್ಕ. ಗಾಡಿ ಕೆಡುತ್ತದೋ ಇಲ್ಲವೋ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಬಾಗಿಲು ಬಡಿದು "ಗಟ್ಟಿ ಇದೆ" ಅನ್ನುವವರು ಎರಡನ್ನೂ ಕಲಸುತ್ತಾರೆ. ಸಮೀಕ್ಷೆಗಳಲ್ಲೂ ಹೀಗೇ ಕಲಸುಮೇಲೋಗರ. ಜೆ.ಡಿ. ಪವರ್‌ನವರ ಬಾಳಿಕೆ ಸಮೀಕ್ಷೆ ಮೂರು ವರ್ಷ ಹಳೆಯ ಕಾರಿನ ಮಾಲೀಕರನ್ನು ಕೇಳಿ, ನೂರು ಕಾರಿಗೆ ಎಷ್ಟು ತೊಂದರೆ ಅಂತ ಎಣಿಸುತ್ತದೆ. ಫೋನು ಸ್ಕ್ರೀನಿಗೆ ಕನೆಕ್ಟ್ ಆಗಲಿಲ್ಲ ಅನ್ನುವುದೂ ಒಂದು ತೊಂದರೆ. ಗೇರ್‌ಬಾಕ್ಸ್ ಹೋಯಿತು ಅನ್ನುವುದೂ ಒಂದು ತೊಂದರೆ.

ಟೊಯೊಟಾ ಹೆಸರು ಎಷ್ಟು ಗಟ್ಟಿ ಅನ್ನುವುದು 2009-10ರಲ್ಲಿ ಗೊತ್ತಾಯಿತು. ಕಾರು ತಾನಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ ಅಂತ ಗುಲ್ಲೆದ್ದಿತು. ಕಾಲಡಿಯ ಮ್ಯಾಟು, ಅಂಟಿಕೊಳ್ಳುವ ಪೆಡಲು ಅಂತ ಲಕ್ಷಾಂತರ ಕಾರು ವಾಪಸ್ ಬಂದವು. ಆಗಿನ ಕಂಪನಿ ಅಧ್ಯಕ್ಷ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಬಂದು ಕ್ಷಮೆ ಕೇಳಿದರು. ಅಮೆರಿಕ ಸರ್ಕಾರದವರು ನಾಸಾದ ಇಂಜಿನಿಯರುಗಳನ್ನು ಕರೆಸಿ ಎಲೆಕ್ಟ್ರಾನಿಕ್ಸ್ ಪರೀಕ್ಷೆ ಮಾಡಿಸಿದರು. ಅದರಲ್ಲಿ ದೋಷ ಸಿಗಲಿಲ್ಲ. ಆದರೆ ಗ್ರಾಹಕರಿಗೆ ನಿಜ ಹೇಳದೆ ದಾರಿ ತಪ್ಪಿಸಿದ್ದಕ್ಕೆ ಟೊಯೊಟಾದವರು 2014ರಲ್ಲಿ 120 ಕೋಟಿ ಡಾಲರ್ ತೆತ್ತರು. ಇಷ್ಟಾದರೂ ಹೆಸರು ಉಳಿಯಿತು. ಟಿವಿಯಲ್ಲಿ ಏನೇ ಬರಲಿ, ಮನೆ ಮುಂದೆ ನಿಂತ ಕೊರೊಲಾ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತಲ್ಲ.

ಬ್ಯಾಡ್ಜಿನ ಬೆಲೆ ಎಷ್ಟು ಅಂತ ಅಳೆದು ನೋಡಬೇಕಾದರೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನೋಡಬೇಕು. 1984ರಿಂದ ಜನರಲ್ ಮೋಟರ್ಸ್ ಮತ್ತು ಟೊಯೊಟಾ ಅಲ್ಲಿ ಜಂಟಿಯಾಗಿ ಕಾರ್ಖಾನೆ ನಡೆಸಿದವು. ಒಂದೇ ಲೈನಿನಿಂದ ಟೊಯೊಟಾ ಕೊರೊಲಾ, ಅದರ ಅವಳಿಯಾದ, ಜನರಲ್ ಮೋಟರ್ಸ್ ಮಾರುತ್ತಿದ್ದ ಜಿಯೊ ಪ್ರಿಜ್ಮ್ ಎರಡೂ ಇಳಿಯುತ್ತಿದ್ದವು. ಪ್ರಿಜ್ಮ್ ಕಡಿಮೆ ಮಾರಾಟವಾಯಿತು, ಹಳೆಯದಾದಾಗ ಬೆಲೆಯೂ ಬೇಗ ಇಳಿಯಿತು. ನಮ್ಮಲ್ಲಿ ಮಾರುತಿಯ ಬಲೇನೊ ಮತ್ತು ಅದನ್ನೇ ಟೊಯೊಟಾ ಬ್ಯಾಡ್ಜಿನಲ್ಲಿ ಮಾರುವ ಗ್ಲಾಂಜಾ ಇಲ್ಲವೇ, ಹಾಗೇ ಅವಳಿ. ನಮ್ಮ ಬಿಡದಿಯಲ್ಲಿ ಟೊಯೊಟಾದವರು ಹೈರೈಡರ್ ಮಾಡುತ್ತಾರೆ, ಮಾರುತಿಯ ಗ್ರ್ಯಾಂಡ್ ವಿಟಾರಾವನ್ನೂ ಮಾಡುತ್ತಾರೆ. ಎರಡರಲ್ಲಿ ಯಾವುದು ಜಾಸ್ತಿ ಬಾಳಿಕೆ ಅಂತ ವಾದ ಮಾಡುವವರನ್ನು ನಾನು ಇದೇ ಹಾಲಿನಲ್ಲಿ ನೋಡಿದ್ದೇನೆ, ಅಲ್ವಾ?

ಮಾತು ಇಲ್ಲಿಗೆ ಸಾಕು. ಪ್ರಶ್ನೆ ಇದ್ದರೆ ಕೇಳಿ.

(ಒಬ್ಬ ಯುವಕರು ಕೇಳಿದ್ದು: "ಸಾರ್, ಪೇಪರಲ್ಲಿ ರೀಕಾಲ್ ಸುದ್ದಿ ಬಂದರೆ ಆ ಕಂಪನಿಯಿಂದ ದೂರ ಇರಬೇಕಾ?")

ನಾನಂತೂ ಹತ್ತಿರ ಹೋಗುತ್ತೇನೆ. ತಪ್ಪು ಎಲ್ಲರೂ ಮಾಡುತ್ತಾರೆ, ಕರೆದು ಸರಿ ಮಾಡಿಕೊಡುವವರು ಕಡಿಮೆ. ಟಕಾಟಾ ಏರ್‌ಬ್ಯಾಗ್ ವಿಷಯ ಕೇಳಿರಬಹುದು. ಒಂದೇ ಸಪ್ಲೈಯರ್ ಮಾಡಿದ ದೋಷ ಹೋಂಡಾ, ಟೊಯೊಟಾ, ಬಿಎಂಡಬ್ಲ್ಯು ಎಲ್ಲದರಲ್ಲೂ ಇತ್ತು. ಸೆಖೆ ಮತ್ತು ತೇವ ಇರುವ ಕಡೆ ಏರ್‌ಬ್ಯಾಗನ್ನು ಉಬ್ಬಿಸುವ ಸಿಡಿಮದ್ದು ಹಾಳಾಗಿ, ಏರ್‌ಬ್ಯಾಗ್ ಬಿಚ್ಚುವ ಬದಲು ಲೋಹದ ಚೂರು ಸಿಡಿಯುತ್ತಿತ್ತು. ಮುಂಬೈ, ಗೋವಾ, ಮಂಗಳೂರಿನ ಹವೆಗೆ ಇದು ಸಣ್ಣ ವಿಷಯ ಅಲ್ಲ. ಹಳೇ ಗಾಡಿ ತಗೊಂಡವರು ಚಾಸಿಸ್ ನಂಬರ್ ಕೊಟ್ಟು ಕಂಪನಿಯಲ್ಲಿ ವಿಚಾರಿಸಿ, ಬಾಕಿ ಇದ್ದರೆ ಫ್ರೀಯಾಗಿ ಹಾಕಿಕೊಡುತ್ತಾರೆ. 2021ರ ಏಪ್ರಿಲಿನಿಂದ ನಮ್ಮಲ್ಲೂ ರೀಕಾಲ್‌ಗೆ ಕಾನೂನಿನ ನಿಯಮ ಬಂದಿದೆ.

(ಒಬ್ಬ ತಾಯಿ ಕೇಳಿದ್ದು: "ನಮ್ಮ ಮನೆಯವರು ಮೂರನೇ ಸಲವೂ ಅದೇ ಕಂಪನಿ ಕಾರು ತಗೋಬೇಕು ಅಂತಾರೆ. ಬೇರೆದು ನೋಡೋಕೂ ಒಪ್ಪಲ್ಲ. ಏನು ಹೇಳಲಿ?")

ಏನೂ ಹೇಳಬೇಡಿ ಅಮ್ಮಾ, ಮನೆಯಲ್ಲಿ ಶಾಂತಿ ಮುಖ್ಯ. (ನಗು.) ಅವರಿಗೆ ಡೀಲರ್ ಗೊತ್ತು, ಸರ್ವಿಸ್ ಅಡ್ವೈಸರ್ ಗೊತ್ತು, ಮನೆ ಹತ್ತಿರದ ಮೇಸ್ತ್ರಿಗೆ ಆ ಗಾಡಿ ಗೊತ್ತು. ಇದೆಲ್ಲ ಬಿಟ್ಟು ಹೊಸದಾಗಿ ಶುರು ಮಾಡುವುದಕ್ಕೂ ಒಂದು ಬೆಲೆ ಇದೆ. ಅದು ಬರೀ ಮೊಂಡುತನ ಅಲ್ಲ. ಒಂದೇ ಮಾತು, ಆ ಡೀಲರ್ ಮಾಲೀಕ ಬದಲಾಗಿದ್ದರೆ ಲೆಕ್ಕ ಮೊದಲಿಂದ ಹಾಕಲು ಹೇಳಿ.

(ಕೊನೆಯ ಪ್ರಶ್ನೆ: "ಭಾರತ ಬಿಟ್ಟು ಹೋದ ಕಂಪನಿಯ ಹಳೇ ಕಾರು ಅಗ್ಗಕ್ಕೆ ಸಿಗ್ತಿದೆ. ತಗೋಬಹುದಾ?")

ತಳೇಗಾಂವ್ ದಾಟುವಾಗ ನೋಡಿರುತ್ತೀರಿ. ಅಲ್ಲಿ ಶೆವರ್ಲೆ ಮಾಡುತ್ತಿದ್ದ ಜನರಲ್ ಮೋಟರ್ಸ್ 2017ರ ಕೊನೆಗೆ ಇಲ್ಲಿನ ಮಾರಾಟ ನಿಲ್ಲಿಸಿತು, ಆಮೇಲೆ ಕಾರ್ಖಾನೆಯನ್ನು ಹುಂಡೈ ಕೊಂಡಿತು. ಫೋರ್ಡ್ 2021ರಲ್ಲಿ ಇಲ್ಲಿನ ಉತ್ಪಾದನೆ ನಿಲ್ಲಿಸುತ್ತೇವೆ ಅಂದಿತು. ಇವತ್ತಿಗೂ ಫೋರ್ಡ್ ಗಾಡಿಯವರು ಬೇರೆ ಕಾರಿನ ಕಡೆ ತಿರುಗಿಯೂ ನೋಡುವುದಿಲ್ಲ, ಅಷ್ಟು ಪ್ರೀತಿ. ಗಾಡಿ ಒಳ್ಳೆಯದೇ ಇರಬಹುದು. ನೀವು ಮಾಡಬೇಕಾದ್ದು ಇಷ್ಟು. ಅಡ್ವಾನ್ಸ್ ಕೊಡುವ ಮುಂಚೆ ಗಾಡಿಯ ಮಾಡೆಲ್, ವರ್ಷ ಬರೆದುಕೊಂಡು ನಾನಾ ಪೇಠೆಗೆ ಹೋಗಿ. ಹೆಡ್‌ಲೈಟು, ಮುಂದಿನ ಬಂಪರು, ಕ್ಲಚ್ ಸೆಟ್ಟು, ಎಸಿ ಕಂಪ್ರೆಸರ್, ಈ ನಾಲ್ಕರ ರೇಟು ಎರಡು ಮೂರು ಅಂಗಡಿಯಲ್ಲಿ ಕೇಳಿ. ಅಂಗಡಿಯವನು ರೇಟು ಹೇಳಿದರೆ ಆಯಿತು, ಚೌಕಾಸಿ ಮಾಡಿ ತಗೊಳ್ಳಿ. ಹೆಡ್‌ಲೈಟ್ ಕೇಳಿದಾಗ "ಹಳೇದು ಹುಡುಕಿ ಕೊಡ್ತೀನಿ, ನಂಬರ್ ಬಿಟ್ಟು ಹೋಗಿ" ಅಂದರೆ, ಅಗ್ಗ ಯಾಕೆ ಅಂತ ಅಲ್ಲೇ ಗೊತ್ತಾಯಿತಲ್ಲ.